ಬೆತ್ತದಕ್ಕನ ಗಡ್ಡ

ಕುರ್ಚಿ ಹೆಣೆಯುವ ಅಕ್ಕನಿಗೆ ಊರೆಲ್ಲ ಇಟ್ಟ ಹೆಸರು ಬೆತ್ತದಕ್ಕ. ಹುಟ್ಟಿನಿಂದ ಕಣ್ಣಿಲ್ಲ, ಬಾಯಿ ಮಾತ್ರ ಇಬ್ಬರಿಗಾಗುವಷ್ಟು. ಅಪ್ಪ ಕಲಿಸಿಕೊಟ್ಟ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ: ಬಕೆಟ್ ನೀರಿನಲ್ಲಿ ನೆನೆಯುವ ಬೆತ್ತದ ಪಟ್ಟಿಗಳು, ಬಾಗಿಲ ಪಕ್ಕ ಕೂರುವ ಜಾಗ ಕಿತ್ತುಹೋದ ಕುರ್ಚಿಗಳು, ನಡುವೆ ಮಣೆಯ ಮೇಲೆ ಅಕ್ಕ. ಕುರ್ಚಿ ತಂದವರು ಹರಟೆ ಹೊಡೆಯದೆ ಎದ್ದುಹೋದದ್ದೇ ಇಲ್ಲ.

ಇಂಥ ಗಟ್ಟಿಗಿತ್ತಿಗೂ ಒಂದು ಸಂಕಟವಿತ್ತು. ಯೇಸು ಹುಟ್ಟುಕುರುಡನಿಗೆ ಕಣ್ಣು ಕೊಟ್ಟ ಪಾಠವನ್ನು ಚರ್ಚಿನಲ್ಲಿ ಓದಿದಾಗಲೆಲ್ಲ ಸುತ್ತಲಿನ ಬೆಂಚುಗಳು ಕಿರುಗುಟ್ಟುತ್ತಿದ್ದವು. ಜನರೆಲ್ಲ ತನ್ನ ಕಡೆ ತಿರುಗಿದರೆಂದು ಅಕ್ಕನಿಗೆ ತಿಳಿಯುತ್ತಿತ್ತು. ಆಮೇಲೆ ಕೈ ಹಿಡಿದು ಲೊಚಗುಟ್ಟುವ ಸರದಿ. ದಿನಸಿ ಅಂಗಡಿಯವಳಂತೂ ತಪ್ಪದೆ ಬಂದು, "ಪಾಪ, ನಮ್ಮಕ್ಕ ದೇವರಂಥೋಳು" ಅನ್ನುವಳು. ಅಕ್ಕನಿಗೆ ಮೈಯೆಲ್ಲ ಉರಿಯುವುದು.

ಈ ಸಲ ಹೊಸ ಫಾದರ್ ಅದೇ ಪಾಠವನ್ನು ನಾಟಕ ಮಾಡಿಸಲು ಹೊರಟರು. ಕುರುಡನ ಪಾತ್ರಕ್ಕೆ ಒಪ್ಪಿಸಲು ತಾವೇ ಅಕ್ಕನ ಮನೆಗೆ ಬಂದರು.

"ಅದನ್ನ ಪೋಸ್ಟ್‌ಮ್ಯಾನ್‌ಗೆ ಕೊಡಿ ಫಾದರ್," ಅಂದಳು ಅಕ್ಕ. "ಫರಿಸಾಯರ ಹಿರಿಯ ಇದಾನಲ್ಲ, ಯೇಸು ಹತ್ರ ವಾದಕ್ಕೆ ನಿಲ್ಲೋ ಗಡ್ಡದ ಧರ್ಮಪಂಡಿತ, ಅವನು ನಂಗಿರಲಿ."

ಅಡುಗೆಮನೆಯಿಂದ ಅತ್ತಿಗೆ ಸೌಟು ಹಿಡಿದೇ ಓಡಿಬಂದಳು. "ಏನೇ ನಿಂದು? ಅವನು ಎಲ್ಲಾ ಕಂಡೋನ ಹಾಗೆ ಮೆರೆಯೋನು! ಜನ ನಗ್ತಾರೆ."

"ನಗಲಿ ಬಿಡು ಅತ್ತಿಗೆ. ಅಯ್ಯೋ ಪಾಪ ಅನ್ನೋದಕ್ಕಿಂತ ವಾಸಿ."

ಫಾದರ್ ಮೆಲ್ಲಗೆ ತಿಳಿಸಿ ಹೇಳಿದರು: "ಅಕ್ಕಾ, ಕುರುಡ ಕಣ್ಣು ಪಡೀತಾನೆ, ನಂಬ್ತಾನೆ. ಕಣ್ಣಿದ್ದೋರು ಎದುರಿಗೇ ನಿಂತ ಕರ್ತನ ಗುರುತು ಹಿಡಿಯಲ್ಲ. ಅದು ಮನಸ್ಸಿನ ಕುರುಡು. ನೀವೇ ಆ ಹಿರಿಯ ಆದ್ರೆ ಜನಕ್ಕೆ ಗಲಿಬಿಲಿ ಆಗಲ್ವಾ?"

"ಮನಸ್ಸಿಂದು ಅಂದ್ಮೇಲೆ ನಂಗೂ ಬರಬಹುದಲ್ಲ ಫಾದರ್? ಜಂಬಕ್ಕೆ ಕಣ್ಣು ಬೇಕಾ? ನನ್ನಂಗೆ ಕುರ್ಚಿ ಹೆಣೆಯೋರು ಇನ್ನೊಬ್ರಿಲ್ಲ ಅಂತ ದಿನಾ ಬೀಗ್ತೀನಿ. ಬೇಕಾದ್ರೆ ಅತ್ತಿಗೇನ ಕೇಳಿ."

"ಅದು ನಿಜ ಫಾದರ್," ಅಂದಳು ಅತ್ತಿಗೆ. "ಇವಳ ಜಂಬಕ್ಕೆ ಈ ಮನೇಲಿ ಜಾಗ ಸಾಲ್ತಿಲ್ಲ."

ಫಾದರ್‌ಗೆ ನಗು ತಡೆಯಲಾಗಲಿಲ್ಲ. "ಎಲ್ಲಿ, ಒಂದು ಮಾತು ಹೇಳಿ ನೋಡೋಣ."

ಅಕ್ಕ ಮಡಿಲಲ್ಲಿದ್ದ ಬೆತ್ತದ ಚೂರು ಕೊಡವಿ ಎದ್ದಳು. ಗದ್ದ ಮೇಲೆತ್ತಿ, "ಏನಯ್ಯಾ, ನಮ್ಮನ್ನೂ ಕುರುಡರು ಅಂತೀಯೇನು?" ಎಂದು ಗುಡುಗಿದ ರಭಸಕ್ಕೆ ಫಾದರ್ ಹಿಂದೆ ಸರಿದು ಬಕೆಟ್ಟಿನೊಳಗೆ ಕಾಲಿಟ್ಟರು. ಪಾತ್ರ ಸಿಕ್ಕಿತು.

ನಾಟಕದ ಸಂಜೆ ಬೆತ್ತದ ಸಿಬಿರಿನಲ್ಲಿ ತಾನೇ ಹೆಣೆದ ಗಡ್ಡ ಕಟ್ಟಿಕೊಂಡು ಅಕ್ಕ ವೇದಿಕೆ ಹತ್ತಿದಳು. ಮೊದಲು ಒಂದೆರಡು "ಅಯ್ಯೋ" ಕೇಳಿಸಿದ್ದು ನಿಜ. ಆದರೆ ಕಣ್ಣು ಪಡೆದ ಪೋಸ್ಟ್‌ಮ್ಯಾನನ್ನು ಅವಳು ಹಂಗಿಸಿ, ಅವನ ಮಾತನ್ನು ಬಾಯಲ್ಲೇ ಕತ್ತರಿಸಿ, ಕತ್ತು ಹಿಡಿದು ಹೊರದಬ್ಬುವ ಹೊತ್ತಿಗೆ ಸಭೆ ಕುದಿಯತೊಡಗಿತು. "ಕುರುಡರಾಗಿದ್ದರೆ ನಿಮ್ಮ ಮೇಲೆ ಪಾಪವಿರುತ್ತಿರಲಿಲ್ಲ. ಕಾಣುತ್ತೇವೆ ಅನ್ನುತ್ತೀರಲ್ಲ, ಅದಕ್ಕೇ ಆ ಪಾಪ ಉಳಿಯಿತು," ಎಂದು ಯೇಸುವಾಗಿದ್ದ ಬಡಗಿ ಹೇಳಿದಾಗ, ಹಿರಿಯ ಮೂಗು ಮುರಿದು ಬೆನ್ನು ತಿರುಗಿಸಿದ. ಯಾರೋ "ತೊಲಗು!" ಎಂದು ಕೂಗಿಯೇಬಿಟ್ಟರು.

ಪರದೆ ಬಿದ್ದದ್ದೇ ದಿನಸಿ ಅಂಗಡಿಯವಳು ಒಳಗೆ ನುಗ್ಗಿದಳು. "ಥೂ, ಎಂಥ ಸೊಕ್ಕೇ ನಿಂದು! ಹೋಗಿ ಕಪಾಳಕ್ಕೆ ಬಾರಿಸೋಣ ಅನ್ನಿಸ್ತು ನಂಗೆ!"

"ನಿಜವಾಗ್ಲೂ?" ಅಕ್ಕನ ಮುಖ ಗಡ್ಡದೊಳಗೇ ಅರಳಿತು. ಕುರ್ಚಿಯೊಂದನ್ನು ಎಳೆದು ಅವಳನ್ನು ಕೂರಿಸಿದಳು. "ಕೂತ್ಕೊಳ್ಳೇ. ಕೂತ್ಕೊಂಡು ಸರಿಯಾಗಿ ಬೈಯಿ."