ದೇವರಿಗೆ ಅಸಲು, ನನಗೆ ನಕಲು

ಎರಡು ಪ್ರತಿ ಇಲ್ಲದೆ ಏನನ್ನೂ ಬರೆಯಲಾಗದ ರೋಗವೊಂದು ನನಗಿದೆ. ಹುಟ್ಟಿನಿಂದ ಬಂದದ್ದಲ್ಲ, ಎಪ್ಪತ್ತರ ದಶಕದಲ್ಲಿ ದಾವಣಗೆರೆಯ ಒಂದು ಹತ್ತಿ ಗಿರಣಿಯ ಆಫೀಸಿಗೆ ಗುಮಾಸ್ತನಾಗಿ ಸೇರಿದ ಮೊದಲ ವಾರವೇ ಅಂಟಿಕೊಂಡದ್ದು. ಅಲ್ಲಿ ಒಂದು ಕಾಗದ ಟೇಬಲ್ಲು ಬಿಟ್ಟು ಹೊರಡಬೇಕಾದರೆ ಅದರ ನಕಲು ಫೈಲಿನಲ್ಲಿ ಕೂತಿರಬೇಕು. ಕೈಗೆ ಅದೆಷ್ಟು ಒಗ್ಗಿಹೋಯಿತೆಂದರೆ, ಕೆ.ಬಿ. ಬಡಾವಣೆಯ ಬಾಡಿಗೆ ಮನೆಯಲ್ಲಿ ಕೂತು ಇಸ್ತ್ರಿಗೆ ಕೊಟ್ಟ ಬಟ್ಟೆಯ ಪಟ್ಟಿ ಬರೆದರೂ ಅಡಿಗೆ ಕಾರ್ಬನ್ ಹಾಳೆ ಇಡುತ್ತಿದ್ದೆ. ಮದುವೆಗೆ ಮುಂಚೆ ಸುಗುಣಳಿಗೆ ಬರೆದ ಪತ್ರಗಳಿಗೂ ನಕಲಿತ್ತು. "ನೀವು ಹಂಗ ಬರ್ದಿದ್ರಿ" ಎಂದು ಅವಳು ಜಗಳ ತೆಗೆದರೆ, "ಹಂಗ ಬರ್ದಿಲ್ಲ, ನೋಡು" ಎಂದು ಕಾಗದ ತೆಗೆದು ತೋರಿಸಿದ ಗಂಡ ಲೋಕದಲ್ಲಿ ನಾನೊಬ್ಬನೇ ಇರಬೇಕು. ಹಾಗೆ ಗೆದ್ದ ಜಗಳಗಳಿಂದ ನನಗೆ ಒಂದು ಲೋಟ ನೀರೂ ಹುಟ್ಟಲಿಲ್ಲ.

ಈಗ ಹೇಳಹೊರಟಿರುವುದು ಅದಕ್ಕಿಂತ ನಾಚಿಕೆಯ ಸಂಗತಿ. ದೇವರಿಗೆ ಬರೆದ ಚೀಟಿಗಳಿಗೂ ನಾನು ನಕಲು ಇಟ್ಟುಕೊಂಡಿದ್ದೆ.

ಚೀಟಿಯ ಪದ್ಧತಿ ನಮ್ಮ ಅತ್ತೆ ಎಸ್ತರಮ್ಮನವರದು. ಸುಗುಣಳ ತಾಯಿ, ಹರಿಹರದಲ್ಲಿ ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಮನೆ. ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿ ನಿವೃತ್ತರಾದ ಟೀಚರಮ್ಮ. ಪ್ರತಿ ಶನಿವಾರ ಸಂಜೆ ಅವರ ಪಡಸಾಲೆಯಲ್ಲಿ ಪ್ರಾರ್ಥನಾ ಕೂಟ. ಬಂದವರು ತಮ್ಮ ತಮ್ಮ ಚಿಂತೆಯನ್ನು ಚೀಟಿಯಲ್ಲಿ ಬರೆದು, ಮಡಚಿ, ಒಂದು ಬೋಗುಣಿಗೆ ಹಾಕುವುದು. ಯಾರದನ್ನೂ ಯಾರೂ ಓದುವಂತಿಲ್ಲ. ಬೋಗುಣಿಯನ್ನು ನಡುವೆ ಇಟ್ಟು ಪ್ರಾರ್ಥನೆ. ಆಮೆನ್ ಆದ ಮೇಲೆ ಅತ್ತೆ ಬೋಗುಣಿ ಎತ್ತಿಕೊಂಡು ನೇರ ಅಡುಗೆಮನೆಗೆ ನಡೆದು, ಆ ಚೀಟಿಗಳಿಂದಲೇ ಇದ್ದಿಲ ಒಲೆ ಹೊತ್ತಿಸಿ, ಎಲ್ಲರಿಗೂ ಚಹಾ ಕಾಸುತ್ತಿದ್ದರು. ಜೊತೆಗೆ ಒಗ್ಗರಣೆ ಹಾಕಿದ ಮಂಡಕ್ಕಿ. ಬೀದಿಯವರ ಅರ್ಧ ಚಿಂತೆಗಳು ಹೀಗೆ ಚಹಾ ಆಗಿ ಅದೇ ಬೀದಿಯವರ ಹೊಟ್ಟೆ ಸೇರಿದವು. "ಕೊಟ್ಟಿದ್ದು ಕೊಟ್ಟಂಗ ಇರಬೇಕು. ಆಮ್ಯಾಲೆ ಹುಡುಕ್ಕಂಡು ಬಂದ್ರೂ ಸಿಗಬಾರ್ದು" ಎಂಬುದು ಅತ್ತೆಯ ದೈವಶಾಸ್ತ್ರ.

ಆ ವರ್ಷ ನನ್ನ ಚೀಟಿಯಲ್ಲಿ ಇದ್ದದ್ದು ಒಂದೇ ಚಿಂತೆ. ಸುಗುಣಳಿಗೆ ಎರಡು ಸಲ ಬಸಿರು ನಿಂತೂ ಉಳಿಯದೆ ಹೋಗಿತ್ತು. ಮೂರನೆಯದು ನಿಂತಿದೆ ಎಂದು ತಿಳಿದ ದಿನವೇ ಅತ್ತೆ ಮಗಳನ್ನು ತವರಿಗೆ ಕರೆದುಕೊಂಡು ಹೋದರು. ನಾನು ವಾರವಿಡೀ ಗಿರಣಿಯಲ್ಲಿ ಕೂತು ಹೆದರುವುದು, ಶನಿವಾರ ಹರಿಹರದ ಬಸ್ಸು ಹತ್ತಿ ಆ ಹೆದರಿಕೆಯನ್ನು ಬೋಗುಣಿಗೆ ಹಾಕುವುದು. ಚೀಟಿ ಮಾತ್ರ ದಾವಣಗೆರೆಯಲ್ಲೇ ತಯಾರಾಗುತ್ತಿತ್ತು: ವಾರ ವಾರವೂ ಅದೇ ಅಳತೆಯ ಕಾಗದ, ಅದೇ ಕಾರ್ಬನ್ ಹಾಳೆ, ಕೆಳಗೆ ಬಲಗಡೆ, ಸಹಿ ಮಾಡುವ ಜಾಗದಲ್ಲಿ, "ಆಮೆನ್". ಅಸಲು ಜೇಬಿಗೆ, ನಕಲು ಫೈಲಿಗೆ.

ಯಾಕೆ ಹೀಗೆ ಎಂದು ಕೇಳಿದರೆ ಉತ್ತರ ನನಗೂ ಸರಿಯಾಗಿ ಗೊತ್ತಿಲ್ಲ. ದೇವರ ಮೇಲೆ ಅಪನಂಬಿಕೆ ಇರಲಿಲ್ಲ, ನಿಜವಾಗಿ ಇರಲಿಲ್ಲ. ಆದರೆ ದೊಡ್ಡ ಕಚೇರಿಗಳಲ್ಲಿ ಕಾಗದ ಕಳೆದುಹೋಗುವುದನ್ನು ಕಣ್ಣಾರೆ ಕಂಡವನು ನಾನು; ದೇವರದು ಎಷ್ಟು ದೊಡ್ಡ ಕಚೇರಿ! ಅಲ್ಲದೆ ಚೀಟಿ ಕೊಟ್ಟು ಕೈ ಖಾಲಿಯಾದರೆ ಏನೋ ಒಂದು ಭಯ. ನಾನು ಚಿಂತೆ ಮಾಡುವುದನ್ನು ಬಿಟ್ಟರೆ ಆ ಕೂಸನ್ನು ಕಾಯುವವರು ಯಾರು ಅನ್ನಿಸುತ್ತಿತ್ತು. ನಮ್ಮ ಗಿರಣಿಯ ಗೋದಾಮಿನಲ್ಲಿ ಗುಬ್ಬಿಗಳಿದ್ದವು. ಹಗಲೆಲ್ಲ ಅರಳೆ ಕಿತ್ತುಕೊಂಡು ಹೋಗಿ ತೊಲೆಯ ಮೇಲೆ ಗೂಡು ಕಟ್ಟುವವು. ಪಟ್ಟಣದ ಯಾವ ಸಾಹುಕಾರನ ಹಾಸಿಗೆಯೂ ಆ ಗೂಡಿನಷ್ಟು ಮೆತ್ತಗಿರಲಿಕ್ಕಿಲ್ಲ. ಅರಳೆ ಬೇಕೆಂದು ಒಂದು ಗುಬ್ಬಿಯಾದರೂ ಅರ್ಜಿ ಬರೆದದ್ದನ್ನು, ಬರೆದು ನಕಲು ಇಟ್ಟುಕೊಂಡದ್ದನ್ನು ನಾನು ಕಾಣೆ. ಭಾನುವಾರ ಚರ್ಚಿನಲ್ಲಿ ಪಾದ್ರಿ ಅಯ್ಯನವರು, ಬಿತ್ತದ ಕೊಯ್ಯದ ಹಕ್ಕಿಗಳನ್ನೂ ದೇವರು ಸಾಕುತ್ತಾನೆ ಎಂದು ಪ್ರಸಂಗ ಮಾಡಿದಾಗಲೆಲ್ಲ ತಲೆಯಾಡಿಸುತ್ತಿದ್ದೆ. ಸೋಮವಾರ ಹೋಗಿ ಮತ್ತೆ ಫೈಲು ಬಿಚ್ಚುತ್ತಿದ್ದೆ.

ದಿನ ತುಂಬುತ್ತ ಬಂದ ಹಾಗೆಲ್ಲ ಆ ಫೈಲನ್ನು ಬಿಟ್ಟಿರುವುದು ಕಷ್ಟವಾಯಿತು. ವಾಯಿದೆಯ ದಿನ ವಕೀಲರು ಕಟ್ಟು ಹಿಡಿದು ಹೊರಡುವ ಹಾಗೆ, ಒಂದು ಶನಿವಾರ ಅದನ್ನು ಚೀಲದಲ್ಲಿ ಹಾಕಿಕೊಂಡೇ ಹರಿಹರಕ್ಕೆ ಬಂದೆ. ಮರುದಿನ ಬೆಳಿಗ್ಗೆ ಸುಗುಣಳಿಗೆ ನೋವು ಕಾಣಿಸಿತು. ಎದುರು ಮನೆಯ ಖಾಸಿಂ ಸಾಬರು ಜಟಕಾ ಕಟ್ಟಿದರು. ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡರು, ನಮ್ಮನ್ನು ಹೊರಗೆ ನಿಲ್ಲಿಸಿದರು. "ಹೊತ್ತಾಗತೈತಂತೆ. ಮನಿಗೆ ಹೋಗಿ ಫ್ಲಾಸ್ಕಿಗೆ ಚಾ ಹಾಕ್ಕಂಡು ಬರಾಣ, ಬರ್ರಿ" ಎಂದು ಅತ್ತೆ ನನ್ನನ್ನು ಎಳೆದುಕೊಂಡು ಹೊರಟರು. ನನ್ನ ಮುಖ ನೋಡಿದರೆ ಒಳಗಿನವರಿಗಿಂತ ಮೊದಲು ನಾನೇ ಬಿದ್ದೇನು ಅನ್ನಿಸಿರಬೇಕು.

ಮನೆಯಲ್ಲಿ ಇದ್ದಿಲಿತ್ತು, ಬೆಂಕಿಪೊಟ್ಟಣವಿತ್ತು, ಹೊತ್ತಿಸಲು ಕಾಗದವಿರಲಿಲ್ಲ. ಹಿಂದಿನ ಸಂಜೆಯ ಚೀಟಿಗಳೆಲ್ಲ ಆಗಲೇ ಚಹಾ ಆಗಿದ್ದವು.

"ಅಳಿಯಂದ್ರೆ, ಚೀಲದಾಗ ಏನಾರ ಹಳೇ ಕಾಗದ ಐತೇನ್ರಿ?"

ತಡಬಡಿಸುವಾಗ ಚೀಲದಿಂದ ಫೈಲು ಜಾರಿ ಬಿಚ್ಚಿಕೊಂಡಿತು. ಅತ್ತೆ ಬಗ್ಗಿ ಒಂದು ಹಾಳೆ ಎತ್ತಿದರು. ಮಗಳ ಹೆಸರು ಕಂಡಿತು, ಕೆಳಗೆ ಆಮೆನ್ ಕಂಡಿತು.

"ಇವು... ನಾನು ಸುಟ್ಟಿದ್ದವಲ್ಲೇನು?"

"ಅವು ಅಸಲು ಅತ್ತೆ. ಇವು ಆಫೀಸ್ ಕಾಪಿ."

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರ ಹೊಟ್ಟೆ ಕುಲುಕತೊಡಗಿತು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಮಗಳು ಆಸ್ಪತ್ರೆಯಲ್ಲಿದ್ದಾಗ ತಾಯಿ ಅಡುಗೆಮನೆಯಲ್ಲಿ ಕೂತು ಹಾಗೆ ನಕ್ಕದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

"ಅದಕ್ಕ ನೀವು ದಿನಾ ಒಣಗಾಕತ್ತಿದ್ರಿ! ವಾರಾ ವಾರಾ ಕೊಡ್ತೀರಿ, ಕೊಟ್ಟಿದ್ದನ್ನ ಮತ್ತೆ ಮನಿಗೆ ಹೊತ್ಕಂಡು ಹೋಕ್ಕೀರಿ. ಆ ತಂದಿ ಏನು ಮಾಡಬೇಕು ಪಾಪ?" ಕಣ್ಣೊರೆಸಿಕೊಂಡು ಒಲೆಯ ಬಾಯಿ ನನ್ನ ಕಡೆಗೆ ತಿರುಗಿಸಿದರು. "ಸುಡ್ರಿ ಅಂತ ನಾನು ಹೇಳಂಗಿಲ್ಲ. ಅವು ನಿಮ್ಮವು. ಆದ್ರ ಚಾ ಆಗಬೇಕು."

ಮೊದಲನೆಯ ಹಾಳೆ ಎತ್ತಿಕೊಂಡು ಓದತೊಡಗಿದೆ. ಅದನ್ನು ಸುಟ್ಟರೆ ಆಸ್ಪತ್ರೆಯಲ್ಲಿರುವವಳಿಗೆ ಏನಾದರೂ ಆಗಿಬಿಡುತ್ತದೆ ಅನ್ನಿಸುತ್ತಿತ್ತು, ಅಂಥ ಮೂಢನಾಗಿದ್ದೆ.

"ಓದಬ್ಯಾಡ್ರಿ. ಓದಿದ್ರೆ ಕೈ ಬಿಡಂಗಿಲ್ಲ. ಒಟ್ಟಿಗೆ ಹಾಕ್ರಿ."

ಒಟ್ಟಿಗೆ ಹಾಕಿದೆ. ಎಂಟು ತಿಂಗಳ ಹೆದರಿಕೆ ಒಂದು ನಿಮಿಷ ಭಗ್ಗೆಂದು ಉರಿಯಿತು. ಇದ್ದಿಲು ಹಿಡಿಯಿತು.

ಫ್ಲಾಸ್ಕು ಹಿಡಿದು ಆಸ್ಪತ್ರೆಗೆ ಬಂದವನು ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆ. ಅಭ್ಯಾಸದಂತೆ ಚೀಲಕ್ಕೆ ಕೈ ಹಾಕಿದೆ. ತಡವಲು ಏನೂ ಇರಲಿಲ್ಲ. "ನೀನೇ ನೋಡಪ್ಪ" ಎಂದೆ. ಅಷ್ಟೇ. ಅದಕ್ಕೆ ನಕಲಿಲ್ಲ. ಆಮೇಲೆ ನನಗೆ ನೆನಪಿರುವುದು ಖಾಸಿಂ ಸಾಬರು ಭುಜ ಹಿಡಿದು ಅಲ್ಲಾಡಿಸಿದ್ದು.

"ಏಳ್ರಿ ಸಾಹೇಬ್ರೆ, ಏಳ್ರಿ! ಮಗಳು ಹುಟ್ಟಿ ಅರ್ಧ ಗಂಟೆ ಆತು, ನೀವಿಲ್ಲಿ ಗೊರಕಿ ಹೊಡೀತೀರಲ್ರೀ! ನನ್ ಕುದುರಿ ಬೆದರಿ ನಿಂತೈತಿ!"

ಓಡಿದೆ. ಸುಗುಣ ಸೋತು ಮಲಗಿದ್ದಳು, ಪಕ್ಕದಲ್ಲಿ ಕೆಂಪಗೆ ಒಂದು ಮುಷ್ಟಿಯಷ್ಟು ಮುಖ. ನಾನು ಏನೇನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು: "ನಿದ್ದಿ ಚೆನ್ನಾಗಾತೇನ್ರಿ?" ಈ ಪ್ರಶ್ನೆಯನ್ನು ಮಗಳ ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ಇಂದಿಗೂ ತಪ್ಪದೆ ಕೇಳುತ್ತಾಳೆ.

ಕೂಸು ಉಳಿದದ್ದರಿಂದ ನಾನು ಇದನ್ನೆಲ್ಲ ನಗುತ್ತ ಬರೆಯುತ್ತಿದ್ದೇನೆ ಎಂದು ನೀವು ಹೇಳಬಹುದು. ಇರಬಹುದು. ಉಳಿಯದೆ ಹೋದವು ಎರಡಿದ್ದವು. ಅವನ್ನು ಮರೆತು ನಾನು ಮಾತಾಡುತ್ತಿಲ್ಲ. ಆದರೆ ಒಂದು ಮಾತು ಗಮನಿಸಿ: ನಿದ್ದೆ ನನಗೆ ಬಂದದ್ದು ಮಗು ಹುಟ್ಟಿದ ಸುದ್ದಿ ಕೇಳಿದ ಮೇಲಲ್ಲ, ಅದಕ್ಕೂ ಮುಂಚೆ.

ಅತ್ತೆ ಹೋಗಿ ಬಹಳ ವರ್ಷವಾಯಿತು. ಮೊನ್ನೆ ಹಳೆಯ ಸತ್ಯವೇದದ ಪುಟಗಳ ನಡುವೆ ಆ ಕಾರ್ಬನ್ ಹಾಳೆ ಸಿಕ್ಕಿತು. ಅದನ್ನು ಸುಡುವುದು ಮರೆತಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದರ ಮೇಲೊಂದು ಬರೆದ ಅಷ್ಟೂ ಚಿಂತೆಗಳು ಹೆಣೆದುಕೊಂಡು ಒಂದಕ್ಷರವೂ ಓದಲು ಬರಲಿಲ್ಲ. ಕೆಳಗೆ ಬಲಗಡೆ, ಪ್ರತಿ ಸಲ ಅದೇ ಜಾಗದಲ್ಲಿ ಬರೆದದ್ದರಿಂದ, ಒಂದೇ ಒಂದು ಪದ ಸ್ಪಷ್ಟವಾಗಿ ಉಳಿದಿತ್ತು: ಆಮೆನ್.