ಲೈಟ್‌ಬೋರ್ಡಿಗೆ ಅಂಟಿಸಿದ ಅಂಗಿಗುಂಡಿಗಳು

ನಮ್ಮ ಯಜಮಾನರು ಹೆಬ್ಬಾಳದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಆದರೆ ಯಾರಾದರೂ ಕೇಳಿದರೆ, ನಾಟಕಕ್ಕೆ ಬೆಳಕು ಕೊಡುವವನು ಅಂತಲೇ ಹೇಳಿಕೊಳ್ಳುತ್ತಿದ್ದರು. ಶಿಫ್ಟ್ ಮುಗಿಸಿ ಬನ್ನಿಮಂಟಪದ ಮನೆಗೆ ಬರದೆ ನೇರ ತಾಲೀಮಿಗೆ ಹೋಗುವ ಗಂಡನನ್ನು ಕಟ್ಟಿಕೊಂಡು ನಾನಾದರೂ ಏನು ಮಾಡಲಿ? ಅದೇ ಹವ್ಯಾಸಿ ತಂಡಕ್ಕೆ ಉಡುಪು ಹೊಲಿಯಲು ಸೇರಿಕೊಂಡೆ, ಹಾಗಾದರೂ ಮುಖ ಕಾಣಲಿ ಅಂತ.

ನಿವೃತ್ತಿಯಾದ ವರ್ಷವೇ ಅವರಿಗೆ ಗ್ಲಾಕೋಮಾ ಇರುವುದು ಗೊತ್ತಾಯಿತು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಬೇಕು ಎಂದರು ಡಾಕ್ಟರು. ನಾವು ಹನಿ ಹಾಕುತ್ತಲೇ ಇದ್ದೆವು, ಕಣ್ಣು ಹೋಗುತ್ತಲೇ ಇತ್ತು. "ಬೆಳಕೆಲ್ಲ ಚೆನ್ನಾಗೇ ಕಾಣುತ್ತೆ ಕಣೇ, ಬೋರ್ಡ್ ಮೇಲಿನ ಅಕ್ಷರ ಮಾತ್ರ ಕಾಣಲ್ಲ" ಅನ್ನುತ್ತಿದ್ದರು. ರಂಗದ ಲೈಟುಗಳನ್ನೆಲ್ಲ ನಡೆಸುವ ಲೈಟ್‌ಬೋರ್ಡಿನ ಮುಂದಿನ ಕುರ್ಚಿ ಬಿಟ್ಟುಕೊಡಬೇಕಾಗುತ್ತದಲ್ಲ ಅನ್ನುವುದೇ ಅವರ ಭಯ. ಕುರುಡಾಗುವುದಕ್ಕಿಂತ ಅದಕ್ಕೇ ಹೆಚ್ಚು ಹೆದರಿದ್ದರು.

ನಮ್ಮ ತಂಡದ ಲೈಟುಗಳೋ, ಚಂದಾ ಎತ್ತಿ ಒಂದೊಂದಾಗಿ ಕೊಂಡವು, ಒಂದೊಂದೂ ಬೇರೆ ಬೇರೆ ಕಂಪನಿಯವು. ಪ್ರತಿ ಲೈಟಿಗೂ ಬೋರ್ಡಿನಲ್ಲಿ ಮೇಲೆ ಕೆಳಗೆ ಸರಿಸುವ ಪುಟ್ಟ ಹಿಡಿಗಳ ಒಂದು ಸಾಲು, ಒಂದೊಂದು ಹಿಡಿಗೆ ಒಂದೊಂದು ಕೆಲಸ. ಆ ಕೆಲಸದ ಕ್ರಮ ಮಾತ್ರ ಎಲ್ಲೂ ಒಂದೇ ಅಲ್ಲ. ಮೊದಲ ಹಿಡಿ ಸರಿಸಿದರೆ ಒಂದು ಲೈಟಿನಲ್ಲಿ ಬೆಳಕೇರುತ್ತದೆ, ಪಕ್ಕದ್ದು ಕೆಂಪಾಗುತ್ತದೆ, ಮತ್ತೊಂದು ಪಟಪಟ ಮಿನುಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಣ್ಣಿದ್ದಾಗ ಚೀಟಿ ಅಂಟಿಸಿಕೊಂಡು ಸಂಭಾಳಿಸುತ್ತಿದ್ದರು.

"ಎಲ್ಲಾದಕ್ಕೂ ಒಂದೇ ಕ್ರಮ ಮಾಡ್ಬುಟ್ರೆ ಕಣ್ಣೇ ಬೇಡ ಕಣೇ, ಬೆರಳೇ ಸಾಕು" ಅಂದರು ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತಾ.

ಜಯಲಕ್ಷ್ಮಿಪುರಂನ ತಾಲೀಮು ಕೋಣೆಯಲ್ಲಿ ಜಮಖಾನ ಹಾಸಿ ಲೈಟುಗಳನ್ನೆಲ್ಲ ಸಾಲಾಗಿ ಇಟ್ಟೆವು. ಒಂದೊಂದರ ಬೆನ್ನಿನ ಪುಟ್ಟ ಪರದೆಯಲ್ಲಿ ಏನಿದೆಯೆಂದು ನಾನು ಓದುವುದು, ಯಾವುದನ್ನು ಒತ್ತಬೇಕೆಂದು ಅವರು ಹೇಳುವುದು. ಮೊದಲು ಬೆಳಕು, ಆಮೇಲೆ ಕೆಂಪು, ಹಸಿರು, ನೀಲಿ, ಕೊನೆಗೆ ಬಿಳಿ. ತಮ್ಮ ಕ್ರಮ ಬಿಡದ ಹಠಮಾರಿ ಹಳೆಯ ಲೈಟುಗಳನ್ನು, ನನ್ನಿಂದಲೇ ಒತ್ತಿಸಿ, ಬೋರ್ಡಿನಲ್ಲೇ ದಾರಿಗೆ ತಂದರು. ಪ್ರತಿ ಸಾಲಿನ ಮೊದಲ ಹಿಡಿಯ ತಲೆಗೆ ನಾನು ಒಂದೊಂದು ಅಂಗಿಗುಂಡಿ ಅಂಟಿಸಿದೆ, ಬೆರಳಿಗೆ ಶುರು ಎಲ್ಲಿ ಅಂತ ತಿಳಿಯಲಿ ಎಂದು. ಅವು ರಾಜನ ಪಾತ್ರದ ಅಂಗಿಗೆ ತಂದ ಗುಂಡಿಗಳು. "ರಾಜ ಇನ್ನು ಎದೆ ಬಿಟ್ಕೊಂಡೇ ದರ್ಬಾರು ಮಾಡ್ಲಿ ಬುಡಿ" ಅಂದೆ. ಎಷ್ಟೋ ದಿನದ ಮೇಲೆ ಅವರು ಬಾಯಿತುಂಬ ನಕ್ಕರು.

ತಾಲೀಮಿನಲ್ಲಿ ಒಂದೇ ಒಂದು ತಪ್ಪಾಗಲಿಲ್ಲ. ನಾಟಕದ ದಿನವೂ ಕೊನೆಯ ದೃಶ್ಯದವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಮಗನಿಗಾಗಿ ರಾತ್ರಿಯೆಲ್ಲ ಕಾದ ತಾಯಿ "ಬೆಳಗಾಯ್ತು" ಎನ್ನುವ ದೃಶ್ಯ ಅದು. ಅದಕ್ಕೆ ಮುಂಚೆ ಮಂಚ ಎತ್ತಿಕೊಂಡು ಹೋದವರ ಕಾಲಿಗೆ ಸಿಕ್ಕಿ ಬೋರ್ಡಿನಿಂದ ಲೈಟುಗಳಿಗೆಲ್ಲ ಹೋಗುವ ಕೇಬಲ್ಲು ಕಿತ್ತುಬಂದಿತ್ತು. ರಂಗದ ಮೇಲೆ ಪೂರಾ ಕತ್ತಲು.

ನಾನು ಈಚೆ ಬದಿಯಲ್ಲಿ ಸೂಜಿ ಹಿಡಿದು ನಿಂತಿದ್ದೆ. ಆಚೆ ಬದಿಯಲ್ಲಿ, ಬೋರ್ಡಿನ ಸಣ್ಣ ಬಲ್ಬಿನ ಬೆಳಕಿನಲ್ಲಿ ಅವರ ಮುಖ ಕಾಣುತ್ತಿತ್ತು. ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ, ಹಿಡಿಗಳನ್ನು ಮೆಲ್ಲಗೆ ಮೇಲೇರಿಸುತ್ತಿದ್ದರು. ಕತ್ತೆತ್ತಿ ಆ ಕತ್ತಲನ್ನೇ ನೋಡುತ್ತಾ, ತಾವು ತಂದ ಬೆಳಗಿಗೆ ತಾವೇ ಸಣ್ಣಗೆ ನಗುತ್ತಿದ್ದರು. ಅಕ್ಷರವಲ್ಲ, ಅವರಿಗೆ ಬೆಳಕೇ ಕಾಣುತ್ತಿಲ್ಲ ಅಂತ ನನಗೆ ಗೊತ್ತಾದದ್ದು ಆಗ. ಎಷ್ಟು ದಿನದಿಂದ ಮುಚ್ಚಿಟ್ಟಿದ್ದರೋ! ನಡುವೆ ರಂಗವಿತ್ತು, ದಾಟಿ ಹೋಗುವಂತಿರಲಿಲ್ಲ. ತಾಯಿಯ ಪಾತ್ರದಾಕೆ ಗಟ್ಟಿಗಿತ್ತಿ, ಕತ್ತಲಲ್ಲೇ ಮಾತು ಮುಗಿಸಿದಳು. ಜನ ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ, ಪ್ರತಿ ಪ್ರದರ್ಶನಕ್ಕೂ ಬರುವ ಮೇಷ್ಟ್ರೊಬ್ಬರು ಬಂದು ಇವರ ಎರಡೂ ಕೈ ಹಿಡಿದುಕೊಂಡರು. "ತಾಯಿ ಬೆಳಗಾಯ್ತು ಅಂತಾಳೆ, ನೀವು ಕತ್ತಲೇ ಇಟ್ಬುಟ್ರಲ್ಲ ಸಾರ್! ಎಂಥಾ ಯೋಚನೆ ಸಾರ್!"

ಇವರ ಮುಖದ ನಗು ಹಾಗೇ ನಿಂತುಹೋಯಿತು. "ಎಲ್ಲಾ ನಿಮ್ಮ ಆಶೀರ್ವಾದ" ಅಂದರು. ಆಟೋದಲ್ಲಿ ಮನೆ ಸೇರುವವರೆಗೂ ನನ್ನ ಕೈ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ, ರಾತ್ರಿ ನಮ್ಮ ಜೊತೆಗೇ ಮನೆಗೆ ತಂದಿದ್ದ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗುಂಡಿಗಳನ್ನೆಲ್ಲ ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿ ಹಿಡಿದಿದ್ದರು.

"ಯಾಕ್ರೀ ಕಿತ್ರಿ?"

"ಇನ್ಮೇಲೆ ನೀನೇ ಕೂರ್ಬೇಕು ಕಣೇ. ನಿಂಗೆ ಕಣ್ಣಿದೆಯಲ್ಲ, ಇವು ಯಾಕೆ?"

ಈಗ ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ, ಪಕ್ಕದ ಸ್ಟೂಲಿನಲ್ಲಿ ಅವರು. ಎಲ್ಲ ಲೈಟಿಗೂ ಮೊದಲನೆಯದು ಬೆಳಕೇ. ಆ ಹಿಡಿ ಮೇಲೇರಿಸಿದಾಗಲೆಲ್ಲ ಅವರು ನನ್ನತ್ತ ಬಾಗಿ ಮೆಲ್ಲಗೆ ಕೇಳುತ್ತಾರೆ, "ಬಂತಾ?"

ನಾನು ತಲೆಯೆತ್ತಿ ರಂಗವನ್ನು ಒಮ್ಮೆ ನೋಡಿ ಹೇಳುತ್ತೇನೆ, "ಬಂತು ಕಣ್ರೀ."