ಚಿಕ್ಕಮ್ಮ ಬೇಡವೆಂದ ಮನಿಯಾರ್ಡರು

ಹೊರದೇಶದ ದುಡ್ಡು ಬಂದರೆ ಬಡದೇಶ ಬೆಳೆಯುತ್ತದೆಯೇ ಎಂದು ಹಾಸನದ ಕಾಲೇಜಿನಲ್ಲಿ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಚಿಕ್ಕಮ್ಮನ ಹೆಬ್ಬೆರಳು. ಬೆಳೆಯುತ್ತದೆ ಎಂದು ಮೇಷ್ಟ್ರೇ ಉತ್ತರ ಹೇಳಿ ಕಪ್ಪುಹಲಗೆಯ ಮೇಲೆ ಏರುವ ಗೆರೆಯೊಂದನ್ನು ಎಳೆದರು. ನನಗೆ ರೇಗಿತು. ಗೆರೆಯೇನೂ ಸುಳ್ಳಾಗಿರಲಿಲ್ಲ. ನಮ್ಮ ಮನೆಯೂ ಹಾಗೆಯೇ ಏರಿತ್ತು, ನಾನು ಆ ಬೆಂಚಿನ ಮೇಲೆ ಕೂತಿದ್ದುದೂ ಅಂಥ ದುಡ್ಡಿನಿಂದಲೇ. ಆದರೂ ಆ ಗಂಟೆಯೆಲ್ಲ ಕೂತಲ್ಲಿ ಕೂರಲಾಗದೆ ಕಿಟಕಿಯಾಚೆ ನೋಡುತ್ತಿದ್ದೆ.

ನಮ್ಮದು ಅರಕಲಗೂಡಿಗೆ ನಡೆದು ಹೋಗಿಬರುವಷ್ಟು ಹತ್ತಿರದ ಊರು. ಮನೆಯಲ್ಲಿ ಅಪ್ಪ, ಅವ್ವ, ನಾನು, ಚಿಕ್ಕಮ್ಮ. ಚಿಕ್ಕಪ್ಪ, ಎಂದರೆ ಅಪ್ಪನ ಒಬ್ಬನೇ ತಮ್ಮ, ಪರ್ಷಿಯಾ ಕೊಲ್ಲಿಯ ಯಾವುದೋ ಎಣ್ಣೆ ಕಂಪನಿಯಲ್ಲಿ ಲಾರಿ ಓಡಿಸುತ್ತಿದ್ದ. ಯುದ್ಧದ ಕಾಲದಲ್ಲಿ ಮಿಲಿಟರಿ ಡ್ರೈವರಾಗಿ ಬಸ್ರಾ ನೋಡಿ ಬಂದವನಿಗೆ ಊರಿನಲ್ಲಿ ಕಾಲು ನಿಲ್ಲಲಿಲ್ಲ. ಮದುವೆ ಮಾಡಿದರೆ ನಿಂತಾನು ಎಂದು ನುಗ್ಗೇಹಳ್ಳಿ ಕಡೆಯಿಂದ ಚಿಕ್ಕಮ್ಮನನ್ನು ತಂದರು. ಆಗಲೂ ನಿಲ್ಲಲಿಲ್ಲ. ಐವತ್ತರ ದಶಕದ ಕೊನೆಗೆ ಬೊಂಬಾಯಿಯ ಏಜೆಂಟನೊಬ್ಬನನ್ನು ಹಿಡಿದು ಮತ್ತೆ ಹೊರಟೇಬಿಟ್ಟ. ಆಗಿನ್ನೂ ಅಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ ಅಂತೆ. ನಮ್ಮ ರೂಪಾಯಿ ನಡೆಯುವ ಕಡೆ ನಾನು ಹೇಗೆ ಪರದೇಶಿ ಆಗುತ್ತೇನೆ ಎಂದು ಅವ್ವನಿಗೆ ಸಮಾಧಾನ ಹೇಳಿದ್ದ.

ಅವನನ್ನು ಬೀಳ್ಕೊಡಲು ಹಾಸನದ ಬಸ್‌ಸ್ಟ್ಯಾಂಡಿಗೆ ಎಲ್ಲರೂ ಹೋಗಿದ್ದೆವು. ನಾನಾಗ ಚಿಕ್ಕವಳು, ಚಿಕ್ಕಮ್ಮನ ಸೆರಗು ಹಿಡಿದು ನಿಂತಿದ್ದೆ. ಬಸ್ಸು ಹೊರಡುವಾಗ ಅವನು ಕಿಟಕಿಯಿಂದ ಬಗ್ಗಿ ಅವಳಿಗೆ ಹೇಳಿದ:

“ಮನೆ ತನ್ನ ಕಾಲ್ ಮ್ಯಾಲೆ ತಾನು ನಿಂತ್ಕಳ್ಳಿ. ಅವತ್ತೇ ಬಂದ್ಬುಡ್ತೀನಿ ಕಣೆ.”

ಆ ಮಾತನ್ನು ಚಿಕ್ಕಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುಂದಿನ ವರ್ಷಗಳಲ್ಲಿ ಮನೆಗೆ ಏನು ಹೊಸದು ಬಂದರೂ ಅದು ಅವಳಿಗೆ ಗಂಡ ಬರುವ ದಾರಿಯಲ್ಲಿ ಇನ್ನೊಂದು ಮೈಲಿಗಲ್ಲು.

ದುಡ್ಡು ಬೊಂಬಾಯಿಗೆ ಬಂದು ಅಲ್ಲಿಂದ ಮನಿಯಾರ್ಡರಾಗಿ ನಮ್ಮೂರಿಗೆ ಬರುತ್ತಿತ್ತು, ಚಿಕ್ಕಮ್ಮನ ಹೆಸರಿಗೆ. ಅರಕಲಗೂಡಿನಿಂದ ಟಪಾಲಿನವನು ಸೈಕಲ್ಲು ತುಳಿದುಕೊಂಡು ಬರುವ ಹೊತ್ತಿಗೆ ಮನೆಯಲ್ಲಿ ಯಾರಿಗೂ ಕೆಲಸ ಸಾಗುತ್ತಿರಲಿಲ್ಲ. ಅಪ್ಪ ಜಗಲಿಗೂ ಹಿತ್ತಿಲಿಗೂ ಶತಪಥ ಹಾಕುತ್ತಿದ್ದ. ಅವ್ವ ಒಲೆಯ ಮೇಲಿನ ಸಾರು ಉಕ್ಕಿಸುತ್ತಿದ್ದಳು. ಚಿಕ್ಕಮ್ಮ ಹೆಬ್ಬೆಟ್ಟು ಒತ್ತಿ, ನೋಟುಗಳನ್ನು ಎಣಿಸದೆ ಅಪ್ಪನ ಮುಂದಿಟ್ಟು, ಬೆರಳಿನ ಮಸಿಯನ್ನು ಬೂದಿ ಹಚ್ಚಿ ತಿಕ್ಕುತ್ತಾ ಒಳಗೆ ಹೋಗುತ್ತಿದ್ದಳು.

ಅಪ್ಪ ಆ ದುಡ್ಡನ್ನು ಪೋಲು ಮಾಡಿದವನಲ್ಲ. ಹಳೆಯ ಸಾಲ ತೀರಿತು. ಹುಲ್ಲಿನ ಮನೆಗೆ ಮಂಗಳೂರು ಹೆಂಚು ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂದು ಊರವರು ಆಡಿಕೊಂಡರು, ಆಮೇಲೆ ತಮ್ಮ ಮಕ್ಕಳಿಗೂ ಬೊಂಬಾಯಿ ಏಜೆಂಟನ ವಿಳಾಸ ಕೇಳಿಕೊಂಡು ಬಂದರು. ನಾನು ಹೊಳೆನರಸೀಪುರದ ನೆಂಟರ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಮುಗಿಸಿದೆ, ಹಾಸನದ ಹಾಸ್ಟೆಲ್ಲು ಸೇರಿದೆ. ನಮ್ಮ ಬೀದಿಯಲ್ಲಿ ಹೆಣ್ಣುಮಗಳೊಬ್ಬಳು ಅಷ್ಟು ದೂರ ಓದಲು ಹೋದದ್ದು ಅದೇ ಮೊದಲು.

ಒಂದು ವಿಷಯದಲ್ಲಿ ಮಾತ್ರ ಅಪ್ಪ ಎಡವಿದ. ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇತ್ತು. ಇಂದು ನೀವು ನಮ್ಮ ಹೊಲಕ್ಕೆ ಬನ್ನಿ, ನಾಳೆ ನಾವು ನಿಮ್ಮ ಹೊಲಕ್ಕೆ. ಕೂಲಿಯ ಮಾತಿಲ್ಲ, ಮಧ್ಯಾಹ್ನಕ್ಕೆ ಮುದ್ದೆ ಸಾರು ಅಷ್ಟೇ. ಕಳೆ, ಕೊಯ್ಲು, ಒಕ್ಕಣೆ ಎಲ್ಲವೂ ಹಾಗೆಯೇ ನಡೆಯುತ್ತಿದ್ದವು. ಕೈಯಲ್ಲಿ ನೋಟು ಆಡತೊಡಗಿದ ಮೇಲೆ ಅಪ್ಪನಿಗೆ ಇನ್ನೊಬ್ಬರ ಹೊಲಕ್ಕೆ ಹೋಗಿ ಬಗ್ಗುವುದು ಬೇಡವಾಯಿತು. ಬಂದವರಿಗೆಲ್ಲ ಸಂಜೆ ಕೂಲಿ ಕೊಟ್ಟು ಕಳಿಸತೊಡಗಿದ, ದಾಯಾದಿಗಳಿಗೂ ಕೂಡ. ನೆಂಟರ ಅಂಗೈಗೆ ಕೂಲಿ ಇಟ್ಟ ಮನುಷ್ಯ ಎಂದು ಅವರಿಗೆ ಮುಖ ಕೆಟ್ಟಿತು. ದುಡ್ಡನ್ನೇನೋ ತೆಗೆದುಕೊಂಡರು, ಆದರೆ ಆಮೇಲೆ ಮುಯ್ಯಿಗೆ ಯಾರೂ ನಮ್ಮನ್ನು ಕರೆಯಲಿಲ್ಲ.

ಇದರಿಂದ ಊರಾಚೆಯ ಕೇರಿಯವರಿಗೆ ಒಳ್ಳೆಯದೇ ಆಯಿತು ಎಂಬುದನ್ನೂ ಹೇಳಬೇಕು. ಅವರಿಗೆ ಮುಯ್ಯಿ ಎಂದೂ ಇರಲಿಲ್ಲ, ದುಡಿದದ್ದಕ್ಕೆ ರಾಗಿ ಅಳೆದು ಕೊಡುತ್ತಿದ್ದರು. ಅಲ್ಲಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳು ನನಗೆ ನೇರವಾಗಿಯೇ ಹೇಳಿದ್ದಳು, ರಾಗಿಯಾದರೆ ನೀವು ಅಳೆದಷ್ಟು, ದುಡ್ಡಾದರೆ ನಾನು ಎಣಿಸಿದಷ್ಟು ಎಂದು. ಕಾಲೇಜಿನಲ್ಲಿ ನಾನು ಕಲಿತದ್ದು ಅವಳ ಮಾತಿಗಿಂತ ಹೆಚ್ಚೇನಲ್ಲ.

ಅಷ್ಟರಲ್ಲಿ ತಂಬಾಕಿನ ಕಂಪನಿಯ ಜೀಪು ಬಂತು. ಕಂಪನಿಯ ಬಂಡವಾಳ ಸಮುದ್ರದಾಚೆಯದು ಎಂದು ಊರಲ್ಲಿ ಮಾತು. ಜೀಪಿನಲ್ಲಿ ಬಂದವರು ನಮ್ಮ ಕೆಂಪು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ಬೀಜ ನಾವು ಕೊಡುತ್ತೇವೆ, ಕಬ್ಬಿಣದ ಕೊಳವೆ ಕಂತಿನ ಮೇಲೆ ಕೊಡುತ್ತೇವೆ, ಎಲೆ ಬೇಯಿಸುವ ಬ್ಯಾರನ್ ಮಾತ್ರ ನೀವು ಕಟ್ಟಿಕೊಳ್ಳಿ ಎಂದರು. ಬ್ಯಾರನ್ ಎಂದರೆ ಕಿಟಕಿಯಿಲ್ಲದ, ಎತ್ತರದ ಇಟ್ಟಿಗೆ ಮನೆ. ಕೆಳಗೆ ಕೊಳವೆಗಳಲ್ಲಿ ಬೆಂಕಿಯ ಕಾವು ಓಡುತ್ತದೆ, ಮೇಲೆ ಕೋಲುಗಳಿಗೆ ಕಟ್ಟಿದ ಹಸಿ ಎಲೆ ಹಳದಿಗೆ ತಿರುಗುತ್ತದೆ. ಕಂಪನಿಯ ಕೊಳವೆ, ಚಿಕ್ಕಪ್ಪನ ಇಟ್ಟಿಗೆ. ಹೀಗೆ ಎರಡು ಕಡೆಯ ಪರದೇಶದ ದುಡ್ಡು ನಮ್ಮ ಹಿತ್ತಿಲಲ್ಲಿ ಸೇರಿ ಒಂದು ಗೋಡೆಯಾಯಿತು.

ಎಲೆ ಮಾಗಿದರೆ ಕಾಯುವುದಿಲ್ಲ. ಗಿಡದಿಂದ ಮುರಿದ ದಿನವೇ ಕೋಲಿಗೆ ಕಟ್ಟಿ ಬ್ಯಾರನ್ ತುಂಬಬೇಕು. ಅದಕ್ಕೆ ಊರಿನ ಅರ್ಧ ಕೈಗಳು ಬೇಕು. ಮುಯ್ಯಿ ಮುರಿದಿದ್ದರಿಂದ ಎಲ್ಲ ಕೈಗೂ ಕೂಲಿ, ಅದೂ ಕೇಳಿದಷ್ಟು. ಅಪ್ಪ ಹಲ್ಲು ಕಚ್ಚಿಕೊಂಡು ಕೊಟ್ಟ. ಮೊದಲ ಬ್ಯಾರನ್ನಿನ ಬಾಗಿಲು ತೆಗೆದಾಗ ಎಲೆ ಅರಿಶಿನದ ಬಣ್ಣಕ್ಕೆ ಬಂದಿತ್ತು. ಆ ಹಂಗಾಮು ಮುಗಿದು ಕಂಪನಿಯ ಡಿಪೋದಲ್ಲಿ ಒಳ್ಳೆಯ ದರ ಸಿಕ್ಕಿತು. ಚಿಕ್ಕಮ್ಮ ಆ ವಾರವೆಲ್ಲ ಹಾಡಿಕೊಂಡು ಓಡಾಡಿದಳು. ಗಂಡ ಬಂದ ದಿನ ಉಡಲೆಂದು ಹೊಳೆನರಸೀಪುರದಿಂದ ತಂದು ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆಯನ್ನು ಬಿಸಿಲಿಗೆ ಹರವಿದಳು.

ಅಪ್ಪ ಊಟಕ್ಕೆ ಕೂತು, ಒಂದು ಬ್ಯಾರನ್ ಹೊಟ್ಟೆಗಾಯಿತು, ಇನ್ನೊಂದು ಮಾನಕ್ಕೆ ಬೇಕು, ತಮ್ಮನಿಗೆ ಇನ್ನೂ ಕೆಲವು ವರ್ಷ ಅಲ್ಲೇ ಇರಲು ಕಾಗದ ಬರೆಸುತ್ತೇನೆ ಎಂದ. ಬಾವನ ಎದುರು ದನಿ ಎತ್ತದ ಚಿಕ್ಕಮ್ಮ ಬಾಗಿಲ ಹಿಂದಿನಿಂದ ಕೇಳಿದಳು:

“ಮನೆ ನಿಂತ್ಕಂಡಂಗಾಯ್ತಲ್ಲ ಬಾವ?”

“ನಿಂತ್ಕಂಡ್ರೆ ಸಾಕಾ? ನಡೀಬ್ಯಾಡ್ವಾ?” ಎಂದ ಅಪ್ಪ, ಮುದ್ದೆ ಮುರಿಯುತ್ತಾ.

ಆ ಮಾತಿಗೆ ಅವ್ವ ನಕ್ಕಳು, ನಾನೂ ನಕ್ಕೆ. ಚಿಕ್ಕಮ್ಮ ಸೀರೆ ಮಡಿಸಿ ಪೆಟ್ಟಿಗೆಗೆ ಹಾಕಿದಳು.

ಮುಂದಿನ ಮನಿಯಾರ್ಡರು ಬಂದ ದಿನ ನಾನು ರಜೆಗೆ ಊರಿಗೆ ಬಂದಿದ್ದೆ. ಟಪಾಲಿನವನು ಜಗಲಿಯ ಮೇಲೆ ಕೂತು ಬೆವರೊರೆಸಿಕೊಂಡು ಮಸಿಯ ಡಬ್ಬಿ ತೆರೆದು ಹಿಡಿದ. ಚಿಕ್ಕಮ್ಮ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ಬ್ಯಾಡ. ಕಳ್ಸಿದೋರ್ಗೇ ವಾಪಸ್ ಕಳ್ಸಿ.”

ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ನಗದಿದ್ದಾಗ ಅಪ್ಪನ ಮುಖ ನೋಡಿದ. ಇಷ್ಟು ವರ್ಷದ ನೌಕರಿಯಲ್ಲಿ ಬಂದ ಲಕ್ಷ್ಮಿಯನ್ನು ಯಾರೂ ಬೇಡ ಅಂದದ್ದಿಲ್ಲ ಎಂದು ಗೊಣಗಿ, ಪೆನ್ಸಿಲು ತೆಗೆದು, ಏನಂತ ಬರೆಯಲಿ ಎಂದು ಕೇಳಿದ.

“ಬ್ಯಾಡ ಅಂದ್ಲು ಅಂತ ಬರೀರಿ.”

ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಗಂಡನಿಗೆ ತಾನಾಗಿ ಕಳಿಸಿದ ಮೊದಲ ಮಾತು ಅದೇ ಇರಬೇಕು. ಅಪ್ಪ ಕೂಗಾಡಿದ. ಅನ್ನಕ್ಕೆ ಕಲ್ಲು ಹಾಕಿದೆ ಎಂದ, ತವರಿಗೆ ಹೋಗು ಎಂದ. ನನಗೂ ಸಿಟ್ಟು ಬಂದಿತ್ತು. ಹಾಸ್ಟೆಲ್ಲಿನ ಫೀಸು ಕಟ್ಟುವ ಕಾಲ ಹತ್ತಿರವಾಗಿತ್ತು. ಇವಳ ಹಟಕ್ಕೆ ನಾನು ಮನೆಯಲ್ಲಿ ಕೂತು ಸಗಣಿ ಬಾಚಬೇಕೇ ಎಂದು ಅವ್ವನೆದುರು ಕುದಿದೆ. ಚಿಕ್ಕಮ್ಮನಿಗೆ ಕೇಳಿಸಿತು.

“ನೀನ್ ಓದು ಬಿಡ್ಬ್ಯಾಡ. ಒಗೆಸೊಪ್ಪಿನ್ ದುಡ್ಡೈತೆ. ಕೂಲಿ ಉಳಿಸ್ಕೊಡೋದು ನಂಗೆ ಬಿಡು,” ಎಂದಳು.

ತವರಿಗೂ ಹೋದಳು, ನನ್ನನ್ನು ಜೊತೆಗೆ ಕರೆದುಕೊಂಡು. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ಚನ್ನರಾಯಪಟ್ಟಣದಲ್ಲಿ ಮತ್ತೆ ಬದಲಿಸಿ, ನುಗ್ಗೇಹಳ್ಳಿಯಲ್ಲಿ ಇಳಿದು ತೆಂಗಿನ ತೋಟಗಳ ನಡುವೆ ನಡೆದೆವು. ದಾರಿಯುದ್ದಕ್ಕೂ ಅವಳು ಸೀಟಿನ ತುದಿಯಲ್ಲೇ ಕೂತಿದ್ದಳು, ಯಾವ ಊರು ಬಂದರೂ ಇಳಿಯಲು ಎದ್ದುಬಿಡುತ್ತಿದ್ದಳು. ಅವಳ ಅಣ್ಣ ಎಲ್ಲವನ್ನೂ ಕೇಳಿ, ದುಡ್ಡು ಕಳಿಸದ ಗಂಡಂದಿರನ್ನು ಕಟ್ಟಿಕೊಂಡವರನ್ನು ಹೋಗಿ ವಿಚಾರಿಸು, ಆಮೇಲೆ ಬಾ ಎಂದ. ಮರುದಿನವೇ ಎರಡು ತೆಂಗಿನಕಾಯಿ ಮಡಿಲಿಗೆ ಹಾಕಿಸಿಕೊಂಡು ವಾಪಸ್ಸು ಬಂದೆವು.

ಬಂದವಳು ಕುಡುಗೋಲು ಹಿಡಿದು ಮುಯ್ಯಿಗೆ ಹೊರಟಳು. ಯಾರೂ ಕರೆದಿರಲಿಲ್ಲ. ಒಕ್ಕಣೆ ನಡೆಯುವ ಕಣಕ್ಕೆ ಹೋಗಿ ನಿಂತು ಕೈಹಾಕುತ್ತಿದ್ದಳು. ಮೊದಮೊದಲು ದಾಯಾದಿಗಳು ಅಣಕಿಸಿದರು, ಕೂಲಿ ಎಷ್ಟು ಕೊಡೋಣ ಅಮ್ಮಣ್ಣಿ ಎಂದು ಕೇಳಿದರು. ಅವಳು ಮುದ್ದೆ ಇಕ್ಕಿ ಸಾಕು ಎಂದು ಉಣ್ಣಲು ಕೂತಳು. ಉಂಡವಳಿಗೆ ಕೂಲಿ ಕೊಡುವಂತಿಲ್ಲ, ಮುಯ್ಯಿಯನ್ನೇ ತೀರಿಸಬೇಕು. ಅದು ಅವರಿಗೂ ಗೊತ್ತಿತ್ತು. ಕಳೆ ಕೀಳುವ ಕಾಲಕ್ಕೆ ಊರಿನ ಅರ್ಧ ಮನೆಗಳು ಅವಳ ಋಣದಲ್ಲಿದ್ದವು.

ಅಷ್ಟೂ ತಿಂಗಳು ಚಿಕ್ಕಪ್ಪನಿಂದ ದುಡ್ಡೂ ಇಲ್ಲ, ಸುದ್ದಿಯೂ ಇಲ್ಲ. ಹೊಸ ಹಂಗಾಮಿನ ಎಲೆ ಮುರಿಯುವ ದಿನ ಕೂಲಿಗೆ ಅಪ್ಪನ ಕೈಯಲ್ಲಿ ಕಾಸಿರಲಿಲ್ಲ. ಬಿಸಿಲೇರುವ ಮೊದಲೇ ದಾಯಾದಿಗಳ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ಕೂತು ಕೋಲು, ದಾರ ಎತ್ತಿಕೊಂಡರು. ಅಪ್ಪ ಕೊಟ್ಟಿಗೆಯ ಹಿಂದೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಆ ದಿನ ಕೇರಿಯ ಆ ಹೆಂಗಸೂ ಬಂದಿದ್ದಳು, ಇವತ್ತು ನಮಗೆ ಕೆಲಸವಿಲ್ಲವೇ ಎಂದು ಕೇಳಿ ಬಂದ ದಾರಿಯಲ್ಲೇ ಹಿಂತಿರುಗಿದಳು. ಆ ಸಂತೋಷದ ನಡುವೆ ನನಗೆ ಅದೊಂದು ಚುಚ್ಚಿತು.

ಎಲೆ ಹಳದಿಗೆ ತಿರುಗಿತು. ಚಿಕ್ಕಮ್ಮ ನನ್ನನ್ನು ಕೂರಿಸಿಕೊಂಡು ಕಾಗದ ಬರೆಸಿದಳು. ಮನೆ ತನ್ನ ಕಾಲ ಮೇಲೆ ತಾನು ನಿಂತಿದೆ, ನಿಮ್ಮ ದುಡ್ಡಿಲ್ಲದೆ ಬ್ಯಾರನ್ ತುಂಬಿದೆ, ಬನ್ನಿ. ಅದಕ್ಕಿಂತ ಒಂದಕ್ಷರ ಹೆಚ್ಚು ಬರೆಯಬೇಡ ಎಂದಳು. ಅಪ್ಪನೂ ಕೆಳಗೆ ಸಹಿ ಹಾಕಿದ.

ಹಂಗಾಮಿನ ಕೊನೆಯ ಎಲೆ ಕಟ್ಟುವ ದಿನವೂ ನಾನು ಊರಿನಲ್ಲಿದ್ದೆ. ಅಂಗಳದ ತುಂಬ ಹೆಂಗಸರು. ಸೈಕಲ್ಲಿನ ಗಂಟೆ ಕೇಳಿದ್ದೇ ಚಿಕ್ಕಮ್ಮ ಮಡಿಲಿನ ಎಲೆ ಕೊಡವಿ ಎದ್ದಳು. ಸುತ್ತಲಿನವರಿಗೆಲ್ಲ ಕಾಗದದ ವಿಷಯ ಗೊತ್ತಿತ್ತು. ಟಪಾಲಿನವನು ಅವಳ ಮುಖ ನೋಡಲಿಲ್ಲ. ಪಕ್ಕದಿಂದ ಹಾದುಹೋಗಿ ಅಪ್ಪನ ಹೆಸರು ಕರೆದ. ಮನಿಯಾರ್ಡರು. ಈ ಸಲ ಅಪ್ಪನ ಹೆಸರಿಗೆ.

ಅಪ್ಪ ಸಹಿ ಹಾಕಿದ. ಮನಿಯಾರ್ಡರಿನ ಚೀಟಿಯನ್ನು ನನ್ನ ಕೈಗೆ ಕೊಟ್ಟರು, ನಾನು ಎಲ್ಲರೆದುರು ಓದಿದೆ. ಎರಡನೇ ಬ್ಯಾರನ್ನಿಗೆ ಇಟ್ಟುಕೊಳ್ಳಿ, ಇಲ್ಲಿ ಕ್ಷೇಮ ಎಂದಷ್ಟೇ ಇತ್ತು. ಚಿಕ್ಕಮ್ಮ ತನ್ನ ಜಾಗಕ್ಕೆ ಹಿಂತಿರುಗಿ ಅರ್ಧ ಕಟ್ಟಿದ ಕೋಲನ್ನು ಮೊಣಕಾಲ ಮೇಲೆ ಎಳೆದುಕೊಂಡಳು. ಎಲೆ ಕಟ್ಟುತ್ತಲೇ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

“ನಮ್ಗೆ ನಿಮ್ ಚಿಕ್ಕಪ್ಪನ್ ದುಡ್ಡು ಬೇಕು, ಅದ್ಕೇ ಅವ್ರು ಬತ್ತಿಲ್ಲ ಅಂತ ಅಂದ್ಕಂಡಿದ್ದೆ. ಊರಿಗೆ ಬರ್ದೇ ಇರಾಕೆ ಒಂದ್ ನೆಪ ಅಂತ ಅವ್ರಿಗೇ ನಾವು ಬೇಕಾಗಿದ್ವು ಕಣವ್ವ.”

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಸಂಜೆ ಅಪ್ಪ ನೋಟುಗಳನ್ನು ಅವಳ ಮುಂದಿಟ್ಟ. ಅವಳು ಮುಟ್ಟದೆ, ಬ್ಯಾರನ್ ಕಟ್ಟಿಸಿ ಬಾವ, ಕೇರಿಯವರಿಗೆ ಕೆಲಸವಾದರೂ ಸಿಗಲಿ ಎಂದು ಒಳಗೆ ಹೋದಳು.

ಮರುದಿನ ನಾನು ಹಾಸನದ ಬಸ್ಸಿಗೆ ಹೊರಟಾಗ ಅವಳು ಪಕ್ಕದ ಮನೆಯವರ ಹೊಲಕ್ಕೆ ಮುಯ್ಯಿಗೆ ಹೊರಟಿದ್ದಳು. ಸ್ವಲ್ಪ ದೂರ ಜೊತೆಯಲ್ಲಿ ನಡೆದೆವು. ಕಾಲೇಜಿನಲ್ಲಿ ಏನು ಹೇಳಿಕೊಡುತ್ತಾರೆ ಎಂದು ಕೇಳಿದಳು. ಬೇರೆ ಮಾತು ಹೊಳೆಯದೆ ಮೇಷ್ಟ್ರ ಗೆರೆಯ ವಿಷಯ ಹೇಳಿದೆ, ಹೊರಗಿನಿಂದ ದುಡ್ಡು ಬಂದಷ್ಟೂ ಅದು ಏರುತ್ತಾ ಹೋಗುತ್ತದಂತೆ ಎಂದೆ. ಅವಳು ಹೊಲದ ಬದುವಿನ ಹತ್ತಿರ ನಿಂತಳು.

“ಎಲ್ಲೀಗಂಟ ಏರ್ತದಂತೆ?”

ಮೇಷ್ಟ್ರು ಅದನ್ನು ಹೇಳಲಿಲ್ಲ ಎಂದೆ. ಅವಳು ತಲೆಯಾಡಿಸಿ ಹೊಲಕ್ಕೆ ಇಳಿದಳು. ಅಂದಿನಿಂದ ಚಿಕ್ಕಪ್ಪ ಯಾವಾಗ ಬರುತ್ತಾನೆ ಎಂದು ಅವಳು ಯಾರನ್ನೂ ಕೇಳಲಿಲ್ಲ.